ಲೈನ್ ವಾಪಸ್ ಕೊಟ್ಟಿದ್ದು ಯಾರು

ಅವರು ತೀರಿಕೊಂಡು ಇವತ್ತಿಗೆ ಇಪ್ಪತ್ತೊಂದು ದಿನ. ಹೆಸರು ಬರೆಯುವುದಿಲ್ಲ. ಆ ಹೆಸರಿನ ಎದುರು ನಾನು ಹಿಂದೊಮ್ಮೆ ಬರೆದದ್ದೇ ಸಾಕಾಗಿದೆ. ಸಿಂಧನೂರಿನಿಂದ ಮಸ್ಕಿಯವರೆಗೆ ಕಾಲುವೆ ದಂಡೆಯ ಹಳ್ಳಿಗಳಲ್ಲಿ, ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪುಗಳಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆಯುತ್ತಲೂ ಇರಲಿಲ್ಲ. ಲೈನ್‌ಮನ್ ಅಂದರೆ ಅವರೇ. ಬಾಗಿಲಿಗೆ ಯಾರಾದರೂ ಬಂದರೆ ಅವರ ಹೆಂಡತಿ ಕೂಡ "ಲೈನ್‌ಮನ್ ಉಣ್ಣಾಕ ಕುಂತಾರ, ಜರಾ ಕುಂದರ್ರಿ" ಅನ್ನುತ್ತಿದ್ದರು.

ನಾನು ಅದೇ ಇಲಾಖೆಯಲ್ಲಿ, ಮಸ್ಕಿ ರಸ್ತೆಯ ಒಂದು ಸಣ್ಣ ಸಬ್‌ಸ್ಟೇಷನ್ನಿನಲ್ಲಿ ಆಪರೇಟರ್ ಆಗಿದ್ದೆ. ದೊಡ್ಡ ತಂತಿಯಲ್ಲಿ ಬಂದ ಕರೆಂಟನ್ನು ಹಳ್ಳಿಗಳ ಲೈನುಗಳಿಗೆ ಹಚ್ಚುವುದು, ತೆಗೆಯುವುದು ನನ್ನ ಕೆಲಸ. ಮನೆ ಲಿಂಗಸುಗೂರಿನಲ್ಲಿ, ದಿನಾ ಬಸ್ಸಿನಲ್ಲಿ ಓಡಾಟ. ನಾನು ಎಸ್ಸೆಸ್ಸೆಲ್ಸಿ ಪಾಸಾಗಿದ್ದೆ, ಅವರು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು. ಅದಕ್ಕಾಗಿ ನನ್ನನ್ನು "ಮಾಸ್ತರ" ಎಂದು ಕರೆಯುತ್ತಿದ್ದರು. ಇಬ್ಬರದೂ ಒಂದೇ ವಯಸ್ಸು. ಬದುಕಿದ್ದಷ್ಟು ದಿನ ಅವರನ್ನು ನಾನು "ನೀ" ಎಂದೇ ಮಾತಾಡಿಸಿದ್ದೇನೆ. ಬರೆಯಲು ಕೂತಾಗ ಮಾತ್ರ ಹಾಗೆ ಬರೆಯಲು ಕೈ ಏಳುತ್ತಿಲ್ಲ.

ಹದಿಮೂರು ವರ್ಷ ಅವರು ನನಗೆ ಒಂದೇ ಪ್ರಶ್ನೆ ಕೇಳಿದರು, ಹದಿಮೂರು ವರ್ಷ ನಾನು ಸುಳ್ಳು ಹೇಳಿದೆ. ಆ ಸುಳ್ಳಿನ ಬಗ್ಗೆ ಬರೆಯುವುದಕ್ಕೇ ಕೂತಿದ್ದೇನೆ. ಆದರೆ ಅದರ ಮುಂಚೆ ಅವರು ಎಂಥವರಾಗಿದ್ದರು ಎಂಬುದು ಗೊತ್ತಾಗಬೇಕು. ಇಲ್ಲದಿದ್ದರೆ ನಾನು ಹಾಳು ಮಾಡಿದ್ದು ಏನನ್ನು ಎಂಬುದು ತಿಳಿಯುವುದಿಲ್ಲ.

ನಾನು ಕೆಲಸಕ್ಕೆ ಬಂದ ಮೊದಲ ವಾರ ಅವರು ಸಬ್‌ಸ್ಟೇಷನ್ನಿನ ಕಟ್ಟೆಯ ಮೇಲೆ ಕೂತು ಬೀಡಿ ಹಚ್ಚುತ್ತ ಕೇಳಿದ್ದರು. "ಮಾಸ್ತರ, ಇಂಗ್ಲಿಷ್ ಕಲ್ತಿಯಲ್ಲ, ಲೈನ್ ಅಂದ್ರ ಏನು ಹೇಳು ನೋಡೂಣು."

"ಗೆರಿ" ಅಂದೆ.

"ಅದು ಪಾಟಿ ಮ್ಯಾಲಿನ ಲೈನ್. ಅದು ತಪ್ಪಿದ್ರ ನಾವು ಒರಸ್ತೀವಿ. ಈ ಲೈನ್ ತಪ್ಪಿದ್ರ ಅದ ನಮ್ಮನ್ನ ಒರಸ್ತೈತಿ."

ಆ ಒಂದು ಶಬ್ದದ ಮೇಲೆ ಅವರಿಗೆ ವಿಚಿತ್ರ ಮೋಹ. ತಮ್ಮ ಹೊಟ್ಟೆ ತುಂಬಿಸುವ ಶಬ್ದ ಊರ ಮಂದಿಯ ಬಾಯಲ್ಲಿ ಏನೇನು ಆಗುತ್ತದೆ ಎಂದು ಕಿವಿ ನೆಟ್ಟು ಕೇಳುತ್ತಿದ್ದರು. ಹೊಸದೊಂದು ಅರ್ಥ ಸಿಕ್ಕರೆ ಸೈಕಲ್ ತಿರುಗಿಸಿಕೊಂಡು ಬಂದು ನನಗೆ ಹೇಳಿ ಹೋಗುವರು. ರೇಷನ್ ಅಂಗಡಿಯ ಮುಂದೆ ಮುದುಕಿಯರು ಚೀಲ ಇಟ್ಟು ಹೋದ ಸಾಲೂ ಲೈನು. "ಮಂದಿ ಇಲ್ಲ, ಬರೇ ಚೀಲ ಲೈನ್ ಹಚ್ಯಾವ ನೋಡು ಮಾಸ್ತರ, ನಮ್ಮ ಕಂಬದಂಗ ನಿಂತಾವ." ಕಂಡಕ್ಟರನಿಗೆ ಮುದಗಲ್‌ಗೆ ಹೋಗುವ ದಾರಿ ಲೈನು. ಹಟ್ಟಿಯ ಚಿನ್ನದ ಗಣಿಯಲ್ಲಿ ಅವರ ಷಡ್ಡಕ ಇದ್ದ. ಅಲ್ಲಿ ಕಂಪನಿ ಕಟ್ಟಿಸಿದ ಮನೆಗಳ ಸಾಲೂ ಲೈನು. ಒಮ್ಮೆ ಅಲ್ಲಿಂದ ಬಂದವರು, "ಅಲ್ಲಿ ಮಂದಿ ಲೈನ್ಯಾಗ ಮಲಗ್ತಾರ, ಲೈನ್ಯಾಗ ಅಡಿಗಿ ಮಾಡ್ತಾರ, ಲೈನ್ಯಾಗ ಜಗಳಾಡ್ತಾರ. ಯಾರಿಗೂ ಶಾಕ್ ಹೊಡಿಯಂಗಿಲ್ಲ" ಎಂದು ನಕ್ಕಿದ್ದು ಈಗಲೂ ಕಿವಿಯಲ್ಲಿದೆ.

ಅವರ ಮದುವೆಯೇ ಆ ಶಬ್ದದಿಂದ ಆದದ್ದು ಎಂದು ಅವರ ಹೆಂಡತಿ ಹೇಳುತ್ತಿದ್ದರು. ಸಂತೆಕಲ್ಲೂರಿನಲ್ಲಿ ಹೆಣ್ಣು ನೋಡಲು ಹೋದಾಗ ಮಾವ ಕೇಳಿದರಂತೆ, "ಹುಡುಗ ಯಾವ ಲೈನ್ಯಾಗ ಅದಾನ?" ಇವರು ಥಟ್ಟನೆ, "ಲೈನಿನ ಲೈನ್ಯಾಗ್ರೀ." ಆಕೆ ಹೇಳುತ್ತಿದ್ದರು, "ನಮ್ಮಪ್ಪ ಇವ ಅರೆಹುಚ್ಚ ಅದಾನ ಅಂದ. ನಾ ಒಳಗ ನಿಂತು ಸೆರಗು ಬಾಯಾಗ ಇಟ್ಕೊಂಡು ನಗಾಕತ್ತಿದ್ದೆ. ಮಾಡ್ಕೊಂಡ್ರ ಇವನ್ನ ಮಾಡ್ಕೊಬೇಕು ಅನಿಸ್ತು."

ಕಾಲೇಜಿನ ಹುಡುಗರು ಸಿಂಧನೂರಿನ ಹೆಣ್ಣುಮಕ್ಕಳ ಹಾಸ್ಟೆಲ್ಲಿನ ಮುಂದೆ ಬೈಕು ಹಾರಿಸುತ್ತಿದ್ದಾಗ ಇವರು ಕಂಬದ ಮೇಲಿಂದಲೇ ಕೂಗಿದ್ದರು. "ಏ ತಮ್ಮಗೋಳ್ರಾ, ನಾ ಇಪ್ಪತ್ತು ವರ್ಷಾತು ಲೈನ್ ಹೊಡಿಯಾಕತ್ತಿ, ಒಬ್ಬಾಕಿನೂ ತಿರುಗಿ ನೋಡಿಲ್ಲ. ಹೋಗಿ ಓದ್ಕೊಳ್ರಲೇ!" ಹುಡುಗಿಯರೆಲ್ಲ ನಕ್ಕದ್ದಕ್ಕೆ ಹುಡುಗರು ಅವಮಾನವಾಗಿ ಓಡಿಹೋದರು.

ಮೊಬೈಲು ಬಂದು, ಅರ್ಜಿಗಳು ಒಂದೊಂದಾಗಿ ಆನ್‌ಲೈನ್ ಆಗತೊಡಗಿದ ಮೇಲೆ ಅವರು ತಲೆ ಅಲ್ಲಾಡಿಸುತ್ತಿದ್ದರು. "ಲೈನ್ ಆನ್ ಐತಿ ಅಂದ್ರ ನಾವು ಮಾರುದ್ದ ಸರದು ನಿಂದ್ರಬೇಕು. ಈ ಮಂದಿ ಆನ್‌ಲೈನ್ ಬಾ, ಆನ್‌ಲೈನ್ ಬಾ ಅಂತ ಕರೀತಾರ. ಎದಿ ಧಸಕ್ ಅಂತೈತಿ."

ನಗುವವರೇ ಹೊರತು ಕೆಲಸದಲ್ಲಿ ಹುಡುಗಾಟ ಇರಲಿಲ್ಲ. ಕರೆಂಟು ತೆಗೆದಿದ್ದರೂ ಕಂಬವನ್ನು ಮೊದಲು ಕೈಯ ಬೆನ್ನಿನಿಂದ ಮುಟ್ಟುವರು. ಅಂಗೈಯಿಂದ ಮುಟ್ಟಿದರೆ ಕರೆಂಟು ಬೆರಳುಗಳನ್ನು ಮಡಚಿಸಿ ಹಿಡಿದುಕೊಳ್ಳುತ್ತದೆ, ಬೆನ್ನಿನಿಂದ ಮುಟ್ಟಿದರೆ ಕೈ ತಾನಾಗಿ ಹಿಂದೆ ಸಿಡಿಯುತ್ತದೆ. ಈ ಅಭ್ಯಾಸ ಅವರ ಮೈಗೆ ಎಷ್ಟು ಹತ್ತಿತ್ತೆಂದರೆ ಬೇರೆಯವರ ಮನೆಯ ಬಾಗಿಲನ್ನೂ ಹಾಗೆಯೇ ಬಡಿಯುತ್ತಿದ್ದರು. ಮಕ್ಕಳ ಕೆನ್ನೆಯನ್ನೂ ಕೈಯ ಬೆನ್ನಿನಿಂದಲೇ ಸವರುತ್ತಿದ್ದರು.

ಇನ್ನು ಗಡಿಯಾರದ ವಿಷಯ ಹೇಳಬೇಕು.

ನಮ್ಮಲ್ಲಿ ಲೈನ್ ಕ್ಲಿಯರ್ ಎಂಬ ಪದ್ಧತಿ ಇದೆ. ಲೈನ್‌ಮನ್ ಕಂಬ ಏರುವ ಮುಂಚೆ ಸಬ್‌ಸ್ಟೇಷನ್ನಿಗೆ ಬಂದು ಲೈನ್ ಕೇಳುತ್ತಾನೆ. ಆಪರೇಟರ್ ಕರೆಂಟು ತೆಗೆದು, ಪುಸ್ತಕದಲ್ಲಿ ಬರೆದು, ಲೈನನ್ನು ಅವನ ವಶಕ್ಕೆ ಕೊಡುತ್ತಾನೆ. ಕೆಲಸ ಮುಗಿದ ಮೇಲೆ ಅದೇ ಲೈನ್‌ಮನ್ ಬಂದು ವಾಪಸ್ ಕೊಡಬೇಕು, ಅದೇ ಆಪರೇಟರ್ ತೆಗೆದುಕೊಳ್ಳಬೇಕು. ಅಲ್ಲಿಯವರೆಗೆ ದೇವರು ಬಂದು ಹೇಳಿದರೂ ಹಚ್ಚುವಂತಿಲ್ಲ. ಪುಸ್ತಕದಲ್ಲಿ ಎರಡು ಸಹಿ: ತೆಗೆದುಕೊಂಡದ್ದಕ್ಕೆ ಒಂದು, ವಾಪಸ್ ಕೊಟ್ಟಿದ್ದಕ್ಕೆ ಒಂದು. ಆದರೆ ಎರಡೆರಡು ಸಲ ಪುಸ್ತಕ ತೆರೆಯುವುದು ಯಾರಿಗೆ ಬೇಕು? ನಮ್ಮ ಸ್ಟೇಷನ್ನಿನಲ್ಲಿ ಎಲ್ಲರೂ ಬೆಳಿಗ್ಗೆಯೇ ಎರಡೂ ಕಡೆ ಸಹಿ ಮಾಡಿ ಹೋಗುತ್ತಿದ್ದರು. ವೇಳೆ ಮಾತ್ರ ನಾನು ಆಮೇಲೆ ತುಂಬುತ್ತಿದ್ದೆ. ತಪ್ಪು ಎಂದು ಎಲ್ಲರಿಗೂ ಗೊತ್ತಿತ್ತು, ಎಲ್ಲರೂ ಮಾಡುತ್ತಿದ್ದೆವು.

ಅವರೂ ಸಹಿ ಮಾಡುತ್ತಿದ್ದರು. ಆದರೆ ಆ ಸಹಿಯನ್ನು ನಂಬುತ್ತಿರಲಿಲ್ಲ. ಕೈಗಡಿಯಾರ ಬಿಚ್ಚಿ ಅವರ ಲೈನಿನ ಸ್ವಿಚ್ಚಿನ ಹಿಡಿಗೆ ತೂಗುಹಾಕಿ ಹೋಗುತ್ತಿದ್ದರು. ಹೇಗೂ ಕಂಬ ಏರುವಾಗ ಮೈಮೇಲೆ ಲೋಹ ಇರಬಾರದು. "ಸಹಿ ಸಾಹೇಬ್ರಿಗೆ, ವಾಚ್ ನಿನಗ, ಮಾಸ್ತರ. ಇದು ಇಲ್ಲಿ ತೂಗ್ಯಾಡಾಕತ್ತೈತಿ ಅಂದ್ರ ನಾ ಅಲ್ಲಿ ತೂಗ್ಯಾಡಾಕತ್ತೀನಿ ಅಂತ ತಿಳ್ಕೋ" ಅನ್ನುವರು. ಕೆಲಸ ಮುಗಿಸಿ ಬಂದು, ತಮ್ಮ ಕೈಯಾರೆ ಅದನ್ನು ತೆಗೆದು ಕಟ್ಟಿಕೊಂಡು, "ಹಚ್ಚು" ಅಂದ ಮೇಲೆಯೇ ನಾನು ಹಚ್ಚುತ್ತಿದ್ದೆ. ಎಷ್ಟೋ ವರ್ಷ ಹೀಗೇ ನಡೆಯಿತು, ಒಂದು ದಿನವೂ ತಪ್ಪಿರಲಿಲ್ಲ.

ಅದು ಭತ್ತದ ನಾಟಿಯ ಕಾಲ. ಬೆಳಿಗ್ಗೆ ಹನ್ನೊಂದಕ್ಕೆ ಬಂದು ಅವರು ಲೈನ್ ತೆಗೆದುಕೊಂಡರು. ಕಾಲುವೆಯ ಹತ್ತಿರದ ಕಂಬದ ಮೇಲೆ ತಂತಿ ಹೊರುವ ಪಿಂಗಾಣಿ ಬಟ್ಟಲು ಸೀಳಿತ್ತು, ಬದಲಿಸಬೇಕಿತ್ತು. ಇಬ್ಬರು ಹೋಗುವ ಕೆಲಸ, ಜೊತೆಯವನು ರಜೆಯಲ್ಲಿದ್ದ. ತಂತಿಯನ್ನು ನೆಲಕ್ಕೆ ಕಟ್ಟುವ ಸರಪಳಿ ಇದ್ದಿದ್ದರೆ ಯಾರು ಹಚ್ಚಿದರೂ ಕರೆಂಟು ಭೂಮಿಗೆ ಹೋಗುತ್ತಿತ್ತು. ಆ ಸರಪಳಿ ನಮ್ಮಲ್ಲಿ ಒಂದೇ ಇತ್ತು, ಅಂದು ಬೇರೆ ಗುಂಪು ಒಯ್ದಿತ್ತು. "ಸರಪಳಿ ಇಲ್ಲ, ನೀ ಅದಿಯಲ್ಲ" ಎಂದು ಗಡಿಯಾರ ತೂಗುಹಾಕಿ ಹೋದರು.

ನನ್ನ ಪಾಳಿ ಎರಡು ಗಂಟೆಗೆ ಮುಗಿಯಬೇಕಿತ್ತು. ಅಂದು ಸಂಜೆ ಐದಕ್ಕೆ ಲಿಂಗಸುಗೂರಿನ ನಮ್ಮ ಮನೆಗೆ ನನ್ನ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಆದರೆ ಲೈನ್ ಕೊಟ್ಟವನೇ ವಾಪಸ್ ತೆಗೆದುಕೊಳ್ಳಬೇಕು ಎಂಬ ನಿಯಮ ಇತ್ತಲ್ಲ, ಅವರು ಬರುವವರೆಗೆ ನಾನು ಕುರ್ಚಿ ಬಿಡುವಂತಿರಲಿಲ್ಲ. ಒಂದು ಗಂಟೆಯಾಯಿತು. ಒಂದೂವರೆಯಾಯಿತು. ಕ್ಯಾಂಪಿನ ಅಕ್ಕಿ ಗಿರಣಿಯ ಮ್ಯಾನೇಜರ್ ಮೂರನೇ ಸಲ ಫೋನು ಮಾಡಿದ. ಅವನದು ತೆಲುಗು ಬೆರೆತ ಮಾತು.

"ಏಮಂಡಿ ಆಪರೇಟರ್ ಗಾರೂ, ಇನ್ನೂ ಎಷ್ಟು ಹೊತ್ತು? ಮಿಷನ್‌ನಾಗ ಭತ್ತ ನಿಂತು ಹೋಗೈತಿ."

"ಲೈನ್ ಇನ್ನಾ ವಾಪಸ್ ಬಂದಿಲ್ರೀ. ಮನಶ್ಯಾ ಮ್ಯಾಲೆ ಅದಾನ."

"ಯಾವ ಮ್ಯಾಲಂಡಿ? ನಿಮ್ಮ ಲೈನ್‌ಮನ್ ಕೆಳಗ ಇಳದು ಕಾಲುವೆ ಹತ್ರ ನೀರು ಕುಡೀತಾ ಕುಂತಾನ. ನಾ ಕಣ್ಣಾರ ನೋಡೀನಂಡಿ."

ಅವನು ಸುಳ್ಳು ಹೇಳಿರಲಿಲ್ಲ. ನೀರು ಕುಡಿಯಲು ಇಳಿದಿದ್ದರು. ಕುಡಿದು ಮತ್ತೆ ಏರಿದ್ದರು.

ನಾನು ಅವರ ಮೊಬೈಲಿಗೆ ಎರಡು ಸಲ ಫೋನು ಮಾಡಿದೆ, ಎತ್ತಲಿಲ್ಲ. ಕಂಬದ ಮೇಲಿದ್ದವರು ಮೊಬೈಲು ಎತ್ತುವುದಿಲ್ಲ, ಅದು ಕೆಳಗೆ ಊಟದ ಡಬ್ಬಿಯ ಜೊತೆ ಇರುತ್ತದೆ ಎಂಬುದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಆದರೂ, ಕೆಲಸ ಮುಗಿದಿದೆ, ಸೈಕಲ್ ಹತ್ತಿ ಬರುತ್ತಿರಬೇಕು, ಅದಕ್ಕೇ ಎತ್ತುತ್ತಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಸ್ವಿಚ್ಚಿನ ಹಿಡಿಯ ಮೇಲೆ ಗಡಿಯಾರ ತೂಗಾಡುತ್ತಿತ್ತು. ತೆಗೆದೆ. ಎಡಗೈಯಲ್ಲಿ ಅದನ್ನು ಹಿಡಿದುಕೊಂಡು ಬಲಗೈಯಿಂದ ಹಿಡಿ ತಿರುಗಿಸಿದೆ.

ಹಚ್ಚಿದ ಕ್ಷಣಕ್ಕೇ ಸ್ವಿಚ್ಚು ತಾನಾಗಿ ಬಿದ್ದು ಕರೆಂಟು ಕಡಿದುಹೋಯಿತು, ಎಚ್ಚರಿಕೆಯ ಗಂಟೆ ಬಡಿದುಕೊಳ್ಳತೊಡಗಿತು. ಯಾವುದೋ ದೇಹ ತಂತಿಗೂ ಭೂಮಿಗೂ ನಡುವೆ ಸಿಕ್ಕಾಗ ಹಾಗಾಗುತ್ತದೆ. ನಾಟಿ ಮಾಡುತ್ತಿದ್ದ ಹೆಣ್ಣುಮಕ್ಕಳ ಚೀರಾಟ ಅಷ್ಟು ದೂರಕ್ಕೆ ಕೇಳಿಸಲು ಸಾಧ್ಯವಿಲ್ಲ. ಆದರೂ ನನಗೆ ಕೇಳಿಸಿತು.

ಆಗ ನಾನು ಮಾಡಿದ ಮೊದಲ ಕೆಲಸ ಓಡಿ ಹೋಗಿ ನೋಡುವುದಲ್ಲ. ಪುಸ್ತಕ ತೆಗೆದೆ. ಅವರ ಸಹಿ ಎರಡೂ ಕಡೆ ಇತ್ತು. ವಾಪಸ್ ಕೊಟ್ಟ ವೇಳೆಯ ಜಾಗದಲ್ಲಿ ಒಂದೂವರೆ ಎಂದು ತುಂಬಿದೆ.

ಗದ್ದೆಯ ಕೆಸರಿನಲ್ಲಿ ಬಿದ್ದಿದ್ದರಿಂದ ಜೀವ ಉಳಿಯಿತು. ಸಿಂಧನೂರಿನ ಆಸ್ಪತ್ರೆಗೆ ನಾನೂ ಹೋದೆ. ಕತ್ತರಿಸಿ ತೆಗೆದ ಅವರ ಬಟ್ಟೆಯನ್ನು ಒಂದು ಕೈಚೀಲದಲ್ಲಿ ಹಾಕಿ, ಮನೆಯವರಿಗೆ ಕೊಡಿ ಎಂದು ನರ್ಸು ನನ್ನ ಕೈಗೆ ಕೊಟ್ಟಳು. ಅಂಗಿಯ ಕಿಸೆ ಹುಡುಕಿ ಅದರೊಳಗೆ ಗಡಿಯಾರ ಇಳಿಸಿದೆ. ಅವರ ಹೆಂಡತಿ ಓಡುತ್ತ ಬಂದಾಗ ಚೀಲ ಕೊಟ್ಟೆ. ಮೂರು ಗಂಟೆಯ ಬಸ್ಸು ಹಿಡಿದೆ. ಐದಕ್ಕೆ ಮನೆಯಲ್ಲಿ ಗಂಡಿನ ಕಡೆಯವರ ಮುಂದೆ ಕೂತು ಅವಲಕ್ಕಿ ತಿಂದೆ. ಸಂಬಂಧ ಗಟ್ಟಿಯಾಯಿತು. ಮಗಳು ಸುಖವಾಗಿದ್ದಾಳೆ. ಅವಳನ್ನು ನೋಡಿದಾಗಲೆಲ್ಲ ನನಗೆ ಆ ಗಂಟೆ ಬಡಿಯುತ್ತದೆ.

ಬಲಗೈಯನ್ನು ರಾಯಚೂರಿನಲ್ಲಿ ಭುಜದ ಹತ್ತಿರ ತೆಗೆದರು. ಎಂಟು ದಿನ ಪ್ರಜ್ಞೆ ಇರಲಿಲ್ಲ. ಪ್ರಜ್ಞೆ ಬಂದಾಗ ಆ ದಿನದ ನೆನಪು ಪೂರ್ತಿ ಅಳಿಸಿಹೋಗಿತ್ತು. ಬೆಳಿಗ್ಗೆ ರೊಟ್ಟಿ ತಿಂದದ್ದು ನೆನಪಿತ್ತು, ಆಮೇಲೆ ಆಸ್ಪತ್ರೆಯ ಫ್ಯಾನು. ನಡುವೆ ಏನೂ ಇಲ್ಲ.

ವಿಚಾರಣೆಗೆ ಬಂದ ಸಾಹೇಬರು ಪುಸ್ತಕ ನೋಡಿದರು. "ವಾಪಸ್ ಕೊಟ್ಟು ಹೋಗಿದ್ದ?" ಎಂದು ನನ್ನನ್ನು ಕೇಳಿದರು. "ಹೌದ್ರೀ ಸರ್, ತಾನ ಬಂದು ವಾಚ್ ತಗೊಂಡು ಹೋದ" ಅಂದೆ. ಗಡಿಯಾರ ಅಂಗಿಯ ಕಿಸೆಯಲ್ಲಿತ್ತು ಎಂದು ಅವರ ಹೆಂಡತಿಯೂ ಹೇಳಿದರು. ವಾಪಸ್ ಕೊಟ್ಟ ಲೈನಿನ ಮೇಲೆ ಮತ್ತೆ ಏರಿದ್ದು ನೌಕರನದೇ ತಪ್ಪು ಎಂದು ವರದಿಯಾಯಿತು.

ನಾನು ಹಣ್ಣು ತೆಗೆದುಕೊಂಡು ರಾಯಚೂರಿಗೆ ಹೋದಾಗ ಮೊದಲ ಸಲ ಕೇಳಿದರು. "ಮಾಸ್ತರ, ಖರೇನ ನಾ ಬಂದು ಲೈನ್ ವಾಪಸ್ ಕೊಟ್ಟಿದ್ನಾ?"

"ಕೊಟ್ಟಿದ್ದಿ."

"ವಾಚ್ ನಾನ ತಗೊಂಡ್ನಾ?"

"ನೀನ ತಗೊಂಡಿ."

"ಮತ್ತ್ಯಾಕ ಏರಿದ್ನಲೇ?"

ನಾನು ತಂದಿದ್ದ ಹಣ್ಣು ಸುಲಿದು ಅವರ ಎಡಗೈಗೆ ಕೊಟ್ಟೆ. ಮುಂದಿನ ಹದಿಮೂರು ವರ್ಷವನ್ನು ಅವರು ಆ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲೇ ಕಳೆದರು.

ಆಫೀಸಿನಲ್ಲಿ ಅವರನ್ನು ಒಂದು ಸ್ಟೂಲಿನ ಮೇಲೆ ಕೂರಿಸಿದರು, ಬಂದವರಿಗೆ ಕೋಣೆ ತೋರಿಸುವ ಕೆಲಸ. ಊರವರು ಆಗಲೂ ಲೈನ್‌ಮನ್ ಎಂದೇ ಕರೆಯುತ್ತಿದ್ದರು. ಅವರು ಮಾತ್ರ ಆ ಶಬ್ದದ ಜೊತೆ ಆಡುವುದನ್ನು ಬಿಟ್ಟುಬಿಟ್ಟಿದ್ದರು. ಬಿಲ್ಲು ಕಟ್ಟಲು ಬಂದ ಜನರಿಗೆ, "ಲೈನ್ ಹಚ್ಚಿ ನಿಂದರ್ರಿ" ಎಂದು ಹೇಳಬೇಕಾದ ಜಾಗದಲ್ಲಿ, "ಒಬ್ಬರ ಹಿಂದ ಒಬ್ಬರು ನಿಂದರ್ರಿ" ಅನ್ನುತ್ತಿದ್ದರು. ಇದನ್ನು ನಾನು ಮಾತ್ರ ಗಮನಿಸಿದ್ದೆ ಅನಿಸುತ್ತದೆ. ಒಮ್ಮೆ ಮಾತ್ರ ಹಳೆಯ ನಗೆ ಹೊರಬಂದಿತ್ತು. ಮುದಗಲ್ಲಿನ ಸಂತೆಯಲ್ಲಿ ಕೈ ನೋಡುವವನೊಬ್ಬ, "ಬಲಗೈ ಚಾಚ್ರಿ ಯಜಮಾನ್ರ, ಆಯುಷ್ಯದ ಲೈನ್ ನೋಡ್ತೀನಿ" ಎಂದು ಬೆನ್ನು ಹತ್ತಿದ. ಇವರು ಹೊದ್ದಿದ್ದ ಟವೆಲ್ಲು ಸರಿಸಿ, "ಆ ಲೈನ್ ರಾಯಚೂರಾಗ ಐತಪ್ಪಾ. ಬಸ್ ಹಿಡ್ಕೊಂಡು ಹೋಗಿ ನೋಡ್ಕೊಂಡು ಬಾ" ಅಂದರು. ನಾನು ಜೊತೆಗಿದ್ದೆ. ನಗಲಾರದೆ ಬದನೆಕಾಯಿಯ ರಾಶಿ ನೋಡುತ್ತ ನಿಂತೆ.

ಪ್ರಶ್ನೆ ನಿಲ್ಲಲಿಲ್ಲ. ಚಹಾ ಕುಡಿಯುವಾಗ, ಬಸ್ಸಿಗೆ ಕಾಯುವಾಗ, ನಡುವೆಯೇ ಮಾತು ನಿಲ್ಲಿಸಿ, "ಮಾಸ್ತರ, ನಾ ಅವತ್ತ ಬಂದಾಗ ಏನರ ಅಂದ್ನಾ?" ಅನ್ನುವರು. ಏನೂ ಅನ್ನಲಿಲ್ಲ ಎಂದರೆ ಅಷ್ಟಕ್ಕೇ ಬಿಡುತ್ತಿರಲಿಲ್ಲ. ಒಂದು ಸಲ ಬೇಸತ್ತು, "ಬಿಸಿಲು ಭಾಳ ಐತಿ ಅಂದಿ. ನೀರು ಕೇಳಿದಿ, ಕೊಟ್ಟೆ. ಕುಡುದು ಹೋದಿ" ಅಂದೆ. ಅವರ ಮುಖ ಬೆಳಗಿತು. "ಯಾವುದ್ರಾಗ ಕೊಟ್ಟಿ?" "ಸ್ಟೀಲ್ ಗ್ಲಾಸಿನ್ಯಾಗ." ಹೀಗೆ ಒಂದೊಂದೇ ಚೂರು ಹುಟ್ಟಿಸಿ ಕೊಡುತ್ತ ಹೋದೆ. ಅವರು ಅವನ್ನೆಲ್ಲ ಕೂಡಿಸಿಡುತ್ತ ಹೋದರು.

ಇಲಾಖೆಯವರು ಅದನ್ನೂ ಬಳಸಿಕೊಂಡರು. ಹೊಸ ಲೈನ್‌ಮನ್‌ಗಳ ತರಬೇತಿಗೆ ಅವರನ್ನು ಕರೆದೊಯ್ದು ಮುಂದೆ ನಿಲ್ಲಿಸುತ್ತಿದ್ದರು. ಒಂದು ಸಲ ನಾನು ಎರಡನೇ ಸಾಲಿನಲ್ಲಿ ಕೂತಿದ್ದೆ. ಖಾಲಿ ತೋಳನ್ನು ಎಡಗೈಯಲ್ಲಿ ಎತ್ತಿ ತೋರಿಸಿ ಹೇಳಿದರು. "ನೋಡ್ರಪ್ಪಾ, ಇದು ಯಾರೂ ಮಾಡಿದ್ದಲ್ಲ, ನಾನ ಮಾಡ್ಕೊಂಡಿದ್ದು. ಇಪ್ಪತ್ತೆರಡು ವರ್ಷ ಮಂದಿಗೆ ಹುಷಾರ್ ಹುಷಾರ್ ಅಂತ ಹೇಳಿದಾವ, ವಾಪಸ್ ಕೊಟ್ಟ ಲೈನಿಗೆ ಮತ್ತ ಏರಿದೆ. ನನ್ನಂಥಾ ಗಾವಿಲ ಆಗಬ್ಯಾಡ್ರಿ. ಆಪರೇಟರ್ ಒಬ್ಬ ಕಾಯ್ತಾನ ಅಂತ ಬರೇ ಅವನ್ನ ನಂಬಬ್ಯಾಡ್ರಿ, ನಿಮ್ಮ ತಲಿ ನೀವ ಕಾಯ್ಕೊಳ್ರಿ. ನಮ್ಮ ಆಪರೇಟರ್ ಬಂಗಾರದಂಥಾ ಮನಶ್ಯಾ ಇದ್ದ, ಆದ್ರೂ ಹಿಂಗಾತು." ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಎರಡು ವರ್ಷದ ಹಿಂದೆ ಪ್ರಶ್ನೆ ನಿಂತುಹೋಯಿತು. ಇಬ್ಬರೂ ನಿವೃತ್ತರಾಗಿದ್ದೆವು. ನಾಲ್ಕು ಸಲ ಭೇಟಿಯಾದರೂ ಕೇಳಲಿಲ್ಲ. ಐದನೇ ಸಲ ನಾನೇ ತಡೆಯಲಾರದೆ, "ಯಾಕೋ, ಈಗ ಕೇಳಂಗಿಲ್ಲಲ್ಲ?" ಅಂದೆ.

"ಯಾಕ ಕೇಳ್ಲಿ? ನೆನಪಾತು."

"ಏನ್ ನೆನಪಾತು?"

"ಇಕ್ಕಳ. ಮ್ಯಾಲೆ ಅಡ್ಡಪಟ್ಟಿ ಮ್ಯಾಲೆ ಇಕ್ಕಳ ಬಿಟ್ಟು ಬಂದಿದ್ದೆ. ನಿನ್ನ ಕಡೆ ಬಂದು, ವಾಚ್ ತಗೊಂಡು, ನೀರು ಕುಡುದು ಹೊಂಟಾಗ ನೆನಪಾತು. ಅದನ್ನ ತರಾಕ ಏರಿದೆ. ಕೆಂಪು ಹಿಡಿಕಿ ಇಕ್ಕಳ. ಈಗ ಕಣ್ಣಿಗೆ ಕಟ್ಟಿದಂಗ ಐತಿ." ಅವರ ಮುಖದಲ್ಲಿ ದೊಡ್ಡ ಹೊರೆ ಇಳಿಸಿದವರ ಸಮಾಧಾನ ಇತ್ತು. "ಬರೇ ಒಂದು ಇಕ್ಕಳದ ಸಲುವಾಗಿ ಕೈ ಕಳಕೊಂಡೆ ನೋಡು."

ಹದಿಮೂರು ವರ್ಷದಲ್ಲಿ ನಾನು ಎಂದಾದರೂ ಹೇಳಬಹುದಿತ್ತು. ಹೇಳದೆ ಉಳಿದದ್ದು ಮೊದಲು ನೌಕರಿಯ ಹೆದರಿಕೆಗೆ, ಆಮೇಲೆ ಪಿಂಚಣಿಯ ಹೆದರಿಕೆಗೆ, ಆಮೇಲೆ ಅವರ ಕಣ್ಣಿನ ಹೆದರಿಕೆಗೆ. ಅಂದು 'ನೆನಪಾತು' ಎಂದು ಕೇಳಿದ ಮೇಲೆ ಬೇರೆಯ ಹೆದರಿಕೆ ಹುಟ್ಟಿತು. ಅವರ ತಲೆಯೊಳಗೆ ನಾನು ನೆಟ್ಟದ್ದು ಬೇರು ಬಿಟ್ಟು ಹಣ್ಣಾಗಿತ್ತು. ಆದರೂ ಸುಮ್ಮನಿದ್ದೆ. ಕಳೆದ ಬೇಸಿಗೆಯಲ್ಲಿ ಅವರ ಎರಡೂ ಮೂತ್ರಪಿಂಡ ಕೆಟ್ಟವು, ಇನ್ನು ಹೆಚ್ಚು ದಿನ ಇಲ್ಲ ಎಂದು ಸುದ್ದಿ ಬಂತು. ಮರುದಿನ ಸಿಂಧನೂರಿನ ಅವರ ಮನೆಗೆ ಹೋದೆ.

ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಕಾಲು ಬಾತಿದ್ದವು. ಅವರ ಹೆಂಡತಿ ಬಾಗಿಲ ಬಳಿ ಸೊಪ್ಪು ಸೋಸುತ್ತಿದ್ದರು. ಕೂತವನೇ ಹೇಳಿಬಿಟ್ಟೆ. ತಡ ಮಾಡಿದರೆ ಹೇಳುವುದಿಲ್ಲ ಎಂದು ಗೊತ್ತಿತ್ತು.

"ಅವತ್ತ ನೀ ಸ್ಟೇಷನ್ನಿಗೆ ಬಂದಿದ್ದಿಲ್ಲ. ಮ್ಯಾಲೇ ಇದ್ದಿ. ವಾಚ್ ನಾ ತೆಗದೆ. ನಾ ಹಚ್ಚಿದೆ."

ಅವರು ಸಣ್ಣಗೆ ನಕ್ಕರು. "ಮಾಸ್ತರ, ನಾ ಉಳಿಯಂಗಿಲ್ಲ ಅಂತ ಡಾಕ್ಟರ್ ಹೇಳ್ಯಾನೇನು ನಿನಗ?"

"ಖರೇ ಹೇಳಾಕತ್ತೀನಿ. ವಾಚ್ ನಿನ್ನ ಅಂಗಿ ಕಿಸೆಯಾಗ ಹಾಕಿದ್ದು ನಾನು."

"ಹೋಗ್ಲೇ. ನೀರು ಕೊಟ್ಟಿ ನೀ ನನಗ."

"ಕೊಟ್ಟಿಲ್ಲ."

"ಸ್ಟೀಲ್ ಗ್ಲಾಸಿನ್ಯಾಗ. ತಣ್ಣಗಿತ್ತು."

"ಅದು ನಾ ಹುಟ್ಟಿಸಿ ಹೇಳಿದ್ದೋ!"

"ಮತ್ತ ಇಕ್ಕಳ? ಅದೂ ನೀ ಹೇಳಿದಿ?"

"ಇಲ್ಲ. ಅದು ನನಗ ಗೊತ್ತಿಲ್ಲ."

"ನೋಡು ಮತ್ತ" ಎಂದು ಗೆದ್ದವರ ಹಾಗೆ ದಿಂಬಿಗೆ ಒರಗಿದರು. "ನಿನಗ ಗೊತ್ತಿಲ್ಲ, ನನಗ ಗೊತ್ತೈತಿ. ಕಣ್ಣಾರ ಕಂಡೀನಿ." ಎಡಗೈ ಚಾಚಿ ನನ್ನ ಮೊಣಕಾಲು ತಟ್ಟಿದರು. "ಸಾಯೋ ಮನಶ್ಯಾನ ತಪ್ಪು ನಿನ್ನ ತಲಿ ಮ್ಯಾಲೆ ಹೊತ್ಕೊಂಡು, ನನ್ನ ಹಗೂರ ಮಾಡಿ ಕಳಸಾಕ ಬಂದಿ. ಬ್ಯಾಡೋ. ನಂದು ನಾ ಒಯ್ತೀನಿ." ಹೆಂಡತಿಯ ಕಡೆ ತಿರುಗಿ, "ಏ, ಕೇಳಿದೇನ? ಇಂಥಾ ಗೆಣ್ಯಾನ್ನ ಎಲ್ಲಿಯರ ನೋಡಿಯೇನು? ಚಹಾ ಮಾಡು ಇವಂಗ" ಅಂದರು.

ಆಕೆ ಸೊಪ್ಪಿನ ಮೊರ ಬದಿಗಿಟ್ಟು ಎದ್ದು ಹೋದರು. ಚಹಾ ತಂದು ಇಟ್ಟರು. ನಾನು ಕುಡಿದೆ.

ಹೊರಡುವಾಗ ಆಕೆ ಗೇಟಿನವರೆಗೆ ಬಂದರು. ತಲೆಯ ಮೇಲೆ ಸೆರಗು ಸರಿಮಾಡಿಕೊಂಡು ಒಂದೇ ಮಾತು ಕೇಳಿದರು. "ದವಾಖಾನ್ಯಾಗ ನನ್ನ ಕೈಯಾಗ ಚೀಲ ಕೊಟ್ರಲ್ಲ, ವಾಚ್ ಆಗ ಹಾಕಿದ್ರೇನು?"

"ಹೂಂ."

"ಅವ್ರು ಎಂದೂ ಕಿಸೆಯಾಗ ಇಟ್ಕೊಂಡಾವ್ರಲ್ಲ. ಕೈಗೆ ಕಟ್ಕೊಂತಿದ್ರು, ಇಲ್ಲಾ ಬಿಚ್ಚಿ ನಿಮ್ಮ ಕಡೆ ಬಿಡ್ತಿದ್ರು. ನನಗ ಅವತ್ತ ಅನಿಸಿತ್ತು." ಗೇಟಿನ ಚಿಲಕ ತೆಗೆದರು. "ಸಾಹೇಬ್ರ ಮುಂದ ಹೇಳಬೇಕಿತ್ತು. ನಿಮ್ಮನ್ನ ನಂಬಿದೆ."

ನಾನು ಮಾತು ಶುರು ಮಾಡಿದೆ. ಗಿರಣಿಯವನ ಫೋನು, ಮೂರು ಗಂಟೆಯ ಬಸ್ಸು, ಮಗಳನ್ನು ನೋಡಲು ಬರುವವರು. ಆಕೆ ಕೈ ಎತ್ತಿ ತಡೆದರು.

"ಅವೆಲ್ಲ ಬ್ಯಾಡ್ರಿ. ಒಳಗ ಅವ್ರಿಗೂ ಮತ್ತ ಹೇಳಬ್ಯಾಡ್ರಿ. ಹುಡಿಕಿ ಹುಡಿಕಿ ಒಂದು ಸಿಕ್ಕೈತಿ ಅಂತ ಈಗ ಎರಡು ವರ್ಷದಿಂದ ನಿದ್ದಿ ಮಾಡಾಕತ್ತಾರ. ಹಂಗ ಹೋಗ್ಲಿ. ಅವ್ರು ಹೋದ ಮ್ಯಾಲೆ ಬರದು ಕೊಡ್ರಿ, ನಾಕು ಮಂದಿ ಓದುವಂಗ. ಬಸ್ಸು, ಮಗಳು, ಮಿಲ್ಲು ಅಂತ ಬರೀಬ್ಯಾಡ್ರಿ. ಆಗಿದ್ದು ಬರೀರಿ."

ತಪ್ಪು ನನ್ನದು, ಹಳೆಯ ವರದಿ ತಿದ್ದಿರಿ ಎಂದು ಇಲಾಖೆಗೆ ಮೊನ್ನೆ ಒಂದು ಅರ್ಜಿ ಕೊಟ್ಟು ಬಂದೆ. ತೆಗೆದುಕೊಂಡ ಗುಮಾಸ್ತನಿಗೆ ನಾನು ಯಾರೆಂದೂ ಗೊತ್ತಿರಲಿಲ್ಲ, ಅವರು ಯಾರೆಂದೂ ಗೊತ್ತಿರಲಿಲ್ಲ. ಮುದ್ರೆ ಒತ್ತಿ ಬದಿಗಿಟ್ಟ.

ಆಕೆ ಬೇಡ ಎಂದದ್ದೆಲ್ಲ ಇದರಲ್ಲಿ ನುಸುಳಿಕೊಂಡಿದೆ. ಹೊಡೆದು ಹಾಕಲು ಕೂತೆ, ಆಗಲಿಲ್ಲ. ಈಗಲೂ ನನ್ನನ್ನು ಕಾಪಾಡಿಕೊಳ್ಳುವ ಆಸೆ ಹೋಗಿಲ್ಲ. ಯಾರಾದರೂ ಆಕೆಗೆ ಇದನ್ನು ಓದಿ ಹೇಳುವುದಾದರೆ ಮೇಲಿನದೆಲ್ಲ ಬಿಟ್ಟು ಇಷ್ಟು ಓದಿ ಹೇಳಲಿ. ಅವರು ಲೈನ್ ವಾಪಸ್ ಕೊಟ್ಟಿರಲಿಲ್ಲ. ಕಂಬದ ಮೇಲೆ ಇದ್ದರು. ಅದು ನನಗೆ ಗೊತ್ತಿತ್ತು. ನಾನು ಹಚ್ಚಿದೆ.